ಎಡಕ್ಕೆ ವಾಲುವ ಜಾಯ್‌ಸ್ಟಿಕ್

ಪ್ರಾಸ್ಪರ್ ಊರಿನ ನಮ್ಮ ಮನೆಯ ಗರಾಜಿನಲ್ಲಿ ನನ್ನ ಗಂಡ ಕುಶಾಲ್ ತಾವೇ ಕಟ್ಟಿದ ವಿಡಿಯೋ ಗೇಮ್ ಯಂತ್ರವಿದೆ. ಪ್ರತಿ ಆಯುಧಪೂಜೆಗೂ ಅದರ ಜಾಯ್‌ಸ್ಟಿಕ್‌ಗೆ ಅವರು ಧಾರಾಳವಾಗಿ ಕುಂಕುಮ ಹಚ್ಚುತ್ತಿದ್ದರು. ಅದು ಬುಡದೊಳಗೆ ಇಳಿದು ಗಟ್ಟಿಯಾಗಿ, ಜಾಯ್‌ಸ್ಟಿಕ್ ಸದಾ ಎಡಕ್ಕೇ ವಾಲುತ್ತಿತ್ತು. ಒರೆಸಲು ಹೋದರೆ, "ಇರಲಿ ಬಿಡೇ, ದೇವರದ್ದು" ಎನ್ನುತ್ತಿದ್ದರು.

2017ರ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಗಳು ದಿಯಾ ಆಡಿಕೊಳ್ಳಲಿ ಎಂದು ಮೈದುನ ದುಷ್ಯಂತ್ ಹತ್ತಿರದ ಊರು ಇರ್ವಿಂಗ್‌ನಿಂದ ಬಂದು, ಬುಡವನ್ನೆಲ್ಲ ಒರೆಸಿ ಹೊಸ ಜಾಯ್‌ಸ್ಟಿಕ್ ಕೂರಿಸಿದ. ಅದು ನಾಲ್ಕೂ ಕಡೆಗೆ ಸಲೀಸಾಗಿ ತಿರುಗುತ್ತಿತ್ತು.

ಸಾವಾದ ಮನೆ, ಆ ವರ್ಷ ಹಬ್ಬ ಮಾಡಲಿಲ್ಲ. ವಿಜಯದಶಮಿಯ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಗರಾಜಿನಿಂದ ಟಕ್ ಟಕ್ ಸದ್ದು ಬಂತು.

"ಅಪ್ಪಾ ಈಸ್ ಪ್ಲೇಯಿಂಗ್," ಎಂದಳು ದಿಯಾ, ತಟ್ಟೆಯಿಂದ ತಲೆ ಎತ್ತದೆ.

ಹೋಗಿ ನೋಡಿದೆ. ಯಂತ್ರ ಆಫ್ ಆಗಿತ್ತು. ಜಾಯ್‌ಸ್ಟಿಕ್ ಎಡಕ್ಕೆ ವಾಲಿತ್ತು. ಮುಟ್ಟಿದರೆ, ಯಾರೋ ಈಗ ತಾನೇ ಕೈ ಬಿಟ್ಟ ಹಾಗೆ ಬೆಚ್ಚಗಿತ್ತು.

ಸಂಜೆ ದುಷ್ಯಂತ್ ಬಂದು ಬಿಚ್ಚಿದ. ಬುಡದ ತುಂಬ ಕುಂಕುಮ, ಇನ್ನೂ ಹಸಿ.

"ನೀವೇ ಹಚ್ಚಿದ್ರಾ, ಅತ್ತಿಗೆ?"

ಮನೆಯಲ್ಲಿದ್ದ ಒಂದೇ ಒಂದು ಕುಂಕುಮದ ಭರಣಿಯನ್ನು, ಸುಡಲು ಒಯ್ಯುವ ಮುನ್ನ, ನಾನೇ ಅವರ ಎಡಗೈಯಲ್ಲಿಟ್ಟು ಕಳಿಸಿದ್ದೆ.