ಬಾಗಿಲ ಪಕ್ಕದ ಮುಖ

"ನಮ್ಮಪ್ಪನ ಕಣ್ಣುಗಾಜು ಕದ್ದವಳನ್ನ ಇವತ್ತು ಸಂಜೆಯೊಳಗೆ ಕೆಲಸದಿಂದ ತೆಗೀರಿ!" ಎಂದು ಗಡಿಯಾರದಜ್ಜನ ಮಗಳು ನನ್ನ ಮೇಜು ಕುಟ್ಟಿದಳು.

ಮರೆವಿನ ಕಾಯಿಲೆಯ ಹದಿನಾಲ್ಕು ಮಂದಿ ಹಿರಿಯರನ್ನು ನೋಡಿಕೊಳ್ಳುವ ಆ ಆರೈಕೆ ಮನೆಗೆ ನಾನು ಮೇಲ್ವಿಚಾರಕಿ. ಅಜ್ಜ ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಆ ಪುಟ್ಟ ಗಾಜು ಹಗಲೆಲ್ಲ ಅವರ ಕೈಯಲ್ಲಿ, ಮಲಗುವಾಗ ದಿಂಬಿನಡಿ. ಅವರ ಕೋಣೆ ಗುಡಿಸುವವಳು ಹೊಸ ಆಯಾ ಒಬ್ಬಳೇ. ಅವಳು ಗಳಗಳನೆ ಅಳುತ್ತಿದ್ದಳು.

"ದೇವರಾಣೆ ನಾನು ಮುಟ್ಟಿಲ್ಲಮ್ಮ. ಈ ಕೆಲಸ ಹೋದ್ರೆ ಮಗಳ ಸ್ಕೂಲು ನಿಂತೋಗುತ್ತೆ."

ದಿಕ್ಕು ತೋಚದೆ, ನಾವೆಲ್ಲ ಮಾವ ಎನ್ನುತ್ತಿದ್ದ ಬಡಗಿಯನ್ನು ಕರೆಸಿದೆ. ಹಿತ್ತಲ ಶೆಡ್ಡಿನಲ್ಲೇ ವಾಸವಿದ್ದ ಮಾವ ಅಲ್ಲಿನ ಬಾಗಿಲು, ಕಪಾಟು ಎಲ್ಲ ಮಾಡಿದವರು. ನಮ್ಮಲ್ಲಿ ಏನೇ ಕಳೆದರೂ ಪತ್ತೆ ಹಚ್ಚುತ್ತಿದ್ದವರೂ ಅವರೇ.

ಮಾವ ಕೋಣೆಯೊಳಗೆ ಕಾಲೇ ಇಡಲಿಲ್ಲ. ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯ ಸ್ಕ್ರೂ ಮೇಲೆ ಬೆರಳಾಡಿಸಿದರು. ಪ್ರತಿ ಕೋಣೆಗೂ ಅಂಥದ್ದೊಂದು ಪೆಟ್ಟಿಗೆಯಿತ್ತು. ಅದರೊಳಗಿನ ತಮ್ಮ ಫೋಟೋ ನೋಡಿ ಹಿರಿಯರು ಕೋಣೆ ಗುರುತಿಸುತ್ತಿದ್ದರು.

"ಸ್ಕ್ರೂ ಮೇಲೆ ಗೀರು ಬಿದ್ದಿದೆ. ಬಿಚ್ಚಿದ್ಯಾರು?"

"ನಾನೇ, ಸೋಮವಾರ. ನಿಮ್ಮ ಸ್ಕ್ರೂಡ್ರೈವರ್ ತಗೊಂಡಿದ್ದೆ. ಹಳೇ ಫೋಟೋ ಮಂಕಾಗಿತ್ತು ಮಾವ. ಹೋದ ತಿಂಗಳು ತೆಗೆದ ಕಲರ್ ಫೋಟೋ ಹಾಕಿದೆ. ಎಷ್ಟು ಕಳೆ ಬಂದಿದೆ ನೋಡಿ! ಉಳಿದ ಹದಿಮೂರೂ ಬದಲಾಯಿಸ್ತೀನಿ" ಎಂದು ಬೀಗಿದೆ.

"ಹಳೇದೆಲ್ಲಿ?"

"ಬಟ್ಟೆ-ದಿಂಬು ಇಡೋ ಕೋಣೆ ಬಾಗಿಲ ಹತ್ರ ಒರಗಿಸಿದೀನಿ."

"ಗಾಜು ಕಾಣೆಯಾಗಿದ್ದು?"

"ಸೋಮವಾರವೇ" ಎಂದಳು ಆಯಾ, ಮೂಗೊರೆಸಿಕೊಳ್ಳುತ್ತಾ. "ಅವತ್ತಿಂದ ಅಜ್ಜ ಈ ಬಾಗಿಲಿಗೆ ಬಂದ್ರೆ, ಇದು ಬೇರೆಯವರ ಮನೆ ಅಂತ ವಾಪಸ್ ತಿರುಗ್ತಾರೆ. ನಾನೇ ಕೈ ಹಿಡಿದು ಒಳಗೆ ಕರ್ಕೊಂಡು ಹೋಗ್ಬೇಕು."

ಸಂಜೆ ಮಾವ ನಮ್ಮನ್ನೆಲ್ಲ ಪಡಸಾಲೆಯಲ್ಲಿ ಸೇರಿಸಿದರು. "ಅಜ್ಜಾ, ನಿಮ್ಮ ಕೋಣೆ ತೋರಿಸ್ತೀರಾ?"

ಅಜ್ಜ ಕಲರ್ ಫೋಟೋ ದಾಟಿ ಸೀದಾ ನಡೆದರು. ದಿಂಬಿನ ಕೋಣೆಯ ಮುಂದೆ ನಿಂತರು. ಒರಗಿಸಿದ್ದ ಫೋಟೋದಲ್ಲಿ ದಪ್ಪ ಮೀಸೆಯ ಯುವಕನೊಬ್ಬ ಅಂಗಡಿ ಮುಂದೆ ನಗುತ್ತಿದ್ದ.

"ನಾನು" ಎಂದರು ಅಜ್ಜ. ಒಳಗೆ ಹೋಗಿ, ಪೇರಿಸಿಟ್ಟ ದಿಂಬುಗಳಡಿ ಕೈ ತೂರಿಸಿ ಕಣ್ಣುಗಾಜನ್ನು ಹೊರತೆಗೆದರು.

"ಇದು ಇಲ್ಲಿಗೆ ಹೇಗೆ ಬಂತು?" ಎಂದಳು ಅಜ್ಜನ ಮಗಳು.

"ಮರೆವು ಮೊದಲು ಹೊಸದನ್ನ ಅಳಿಸುತ್ತೆ" ಎಂದರು ಮಾವ. "ಅಜ್ಜನ ಮನಸ್ಸಲ್ಲಿ ಅವರಿಗಿನ್ನೂ ಮೂವತ್ತು. ಕಲರ್ ಫೋಟೋದಲ್ಲಿರೋ ಮುದುಕ ಯಾರೋ ಅವರಿಗೆ ಗೊತ್ತಿಲ್ಲ. ಪೆಟ್ಟಿಗೆ ಬಿಚ್ಚಿದ್ದೂ ಸೋಮವಾರ, ಗಾಜು ಹೋಗಿದ್ದೂ ಸೋಮವಾರ. ತಮ್ಮ ಮುಖ ಕಂಡ ಕಡೆ ತಮ್ಮ ಕೋಣೆ ಅಂದ್ಕೊಂಡ್ರು, ದಿಂಬಿನಡಿ ಗಾಜಿಟ್ರು. ಈ ಹುಡುಗಿ ಏನೂ ಕದ್ದಿಲ್ಲ. ಕಳುವಾಗಿದ್ದು ಅಜ್ಜನ ಮನೆ. ಕದ್ದೋರು ಯಾರು ಅಂದ್ರೆ..."

"ಬೇಡ ಮಾವ, ನಾನೇ ಹೇಳ್ತೀನಿ" ಎಂದೆ. "ನಾನು."

ಆಯಾಳ ಎರಡೂ ಕೈ ಹಿಡಿದು ಕ್ಷಮೆ ಕೇಳಿದೆ. ಅಜ್ಜನ ಮಗಳೂ ಕೇಳಿದಳು. ಹಳೆಯ ಫೋಟೋವನ್ನು ಮಾವ ಮತ್ತೆ ಪೆಟ್ಟಿಗೆಯಲ್ಲಿ ಕೂರಿಸಿದ ಮೇಲೆ ನಾನು ಸ್ಕ್ರೂ ಬಿಗಿದೆ.

"ನಿಮ್ಮ ಋಣ ಹೇಗೆ ತೀರಿಸಲಿ ಮಾವ?"

"ಮೊದಲು ನನ್ನ ಸ್ಕ್ರೂಡ್ರೈವರ್ ವಾಪಸ್ ಕೊಡಿ ತಾಯಿ. ಉಳಿದ ಹದಿಮೂರು ಜನ ಬದುಕಿಕೊಳ್ಳಲಿ."

ಅಜ್ಜ ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಮೀಸೆಯ ಯುವಕನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಾಗಿಲು ತೆರೆದು ಆಯಾಳ ಕಡೆ ತಿರುಗಿದರು.

"ಬಾಮ್ಮ, ನಮ್ಮ ಮನೆ ಸಿಕ್ತು. ಕೂತ್ಕೊಂಡು ಹೋಗು."

ಅತ್ತು ಸುಸ್ತಾದವಳಿಗೆ ಬೇಗ ಮನೆಗೆ ಹೋಗು ಎಂದೆ. ಅವಳು ಅಜ್ಜನ ಪಕ್ಕದಿಂದ ಏಳಲೇ ಇಲ್ಲ.