ಔಟಾದವರು ಒಳಕ್ಕೆ!

"ನಾಗಲಕ್ಷ್ಮಿ ಔಟ್! ನಡಿಯೇ ಆಚೆಗೆ!"

ರಮ್ಯ ಕೂಗಿದ ಕೂಗಿಗೆ ಪಕ್ಕದ ಟೊಮೇಟೊ ತೋಟದಲ್ಲಿದ್ದ ಕೊಕ್ಕರೆಗಳು ಎದ್ದು ಹಾರಿದವು. ನಾಗಲಕ್ಷ್ಮಿ ಬೇಲಿಯವರೆಗೂ ಉರುಳಿದ್ದ ಚೆಂಡನ್ನು ಎತ್ತಿಕೊಂಡು ಹೊಂಗೆಮರದ ಕೆಳಗೆ ಹೋಗಿ ಕೂತಳು.

ಸೂಳಗಿರಿ ಹತ್ತಿರದ ಆ ಊರಿನ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತಿದ್ದವನು ಮೂರ್ತಿಯಣ್ಣ. ಹಗಲು ಹೊಸೂರಿನ ಕಂಪನಿಯಲ್ಲಿ ಕೆಲಸ, ಸಂಜೆ ಕೋಚ್. ಬರೀ ಓಡು, ಒದಿ ಅಂದರೆ ಮಕ್ಕಳು ಆಕಳಿಸುತ್ತಾರೆಂದು ಅವನೊಂದು ಆಟ ಶುರು ಮಾಡಿದ್ದ. ನೆಲದ ಮೇಲೆ ದೊಡ್ಡದೊಂದು ಸುಣ್ಣದ ರಿಂಗ್. ಎಲ್ಲರೂ ಅದರೊಳಗೆ, ಎಲ್ಲರ ಕಾಲಲ್ಲೂ ಒಂದೊಂದು ಚೆಂಡು. ತನ್ನ ಚೆಂಡನ್ನು ಕಾಪಾಡಿಕೊಳ್ಳುತ್ತಾ ಬೇರೆಯವರದ್ದನ್ನು ಗೆರೆಯಾಚೆ ಒದೆಯಬೇಕು. ಚೆಂಡು ಆಚೆ ಹೋದರೆ ಔಟ್. ಕೊನೆಗೆ ಉಳಿದವರಿಗೆ ಮೂರ್ತಿಯಣ್ಣನ ಕೆಂಪು ಕ್ಯಾಪ್, ಮಾರನೆಯ ಸಂಜೆಯವರೆಗೆ.

ಆ ಕ್ಯಾಪ್ ರಮ್ಯಳ ಮನೆ ಬಿಟ್ಟು ಬೇರೆ ಮನೆ ಕಂಡೇ ಇರಲಿಲ್ಲ. ದಿನಾ ಅವಳದ್ದೇ ಗೆಲುವು. ಊಟಕ್ಕೂ ಕ್ಯಾಪ್, ಹೋಂವರ್ಕಿಗೂ ಕ್ಯಾಪ್. ಅದೊಂದು ದಿನ ಕೈತಪ್ಪಿದರೆ ಊರಲ್ಲಿ ಮುಖ ತೋರಿಸುವುದು ಹೇಗೆ ಎಂಬ ಚಿಂತೆ ಬೇರೆ!

ಇವತ್ತು ಮೂರ್ತಿಯಣ್ಣನಿಗೆ ಓವರ್‌ಟೈಮ್. "ನಾನು ಬರೋಗಂಟ ನಿಮ್ಮಜ್ಜೀನೇ ರೆಫ್ರಿ. ಅಜ್ಜಿ ಹೇಳಿದ್ದೇ ಫೈನಲ್ಲು," ಎಂದು ರಮ್ಯಳಿಗೆ ಫೋನಿನಲ್ಲಿ ಹೇಳಿದ್ದ. ಹಾಗಾಗಿ ರಮ್ಯಳ ಅಜ್ಜಿ ಚಿಕ್ಕತಾಯಮ್ಮ ಮಡಿಲಲ್ಲಿ ಕ್ಯಾಪ್ ಇಟ್ಟುಕೊಂಡು, ಅವರೆಕಾಯಿ ಸುಲಿಯುತ್ತಾ ಕಲ್ಲಿನ ಮೇಲೆ ಕೂತಿದ್ದಳು.

ರಮ್ಯ ಬೀರೇಶನ ಚೆಂಡನ್ನೂ ಆಚೆ ಒದ್ದಳು. ಅಜ್ಜಿ ಚಪ್ಪಾಳೆ ತಟ್ಟಿದಳು.

"ಬೀರೇಶ ಔಟು! ನಾಗಲಕ್ಷ್ಮೀ, ಎದ್ದು ಒಳಕ್ಕೋಗು ಮಗಾ!"

"ಅಜ್ಜೀ! ಔಟಾದೋಳು ಹೆಂಗೆ ಬತ್ತಾಳೆ? ಇದೇನ್ ಕಬಡ್ಡೀನಾ?"

ಅಜ್ಜಿಗೆ ಗೊತ್ತಿದ್ದ ಆಟ ಕಬಡ್ಡಿ ಒಂದೇ. ಅಲ್ಲಿ ಎದುರಿನವರು ಒಬ್ಬರು ಔಟಾದರೆ ಹೊರಗೆ ಕೂತವರಲ್ಲಿ ಒಬ್ಬರಿಗೆ ಜೀವ ಬರುತ್ತದೆ. ಚೆಂಡಿನ ಆಟಕ್ಕೆ ಬೇರೆ ರೂಲ್ ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ನಾನು ಲಂಗ ಹಾಕ್ತಿದ್ದ ಕಾಲದಿಂದ್ಲೂ ಹಿಂಗೇಯಾ. ನೀನು ನಂಗೆ ಹೇಳ್ಕೊಡಕ್ಕೆ ಬತ್ತೀಯಾ?"

ಫೈನಲ್ ಅಂದಮೇಲೆ ಫೈನಲ್. ನಾಗಲಕ್ಷ್ಮಿ ಒಳಗೆ ಬಂದಳು. ರಮ್ಯ ಅವಳನ್ನು ಮತ್ತೆ ಔಟ್ ಮಾಡಿದಳು, ಬೀರೇಶ ಒಳಗೆ ಬಂದ. ಅವನು ಸುಷ್ಮಾಳ ಚೆಂಡು ಒದ್ದ, ನಾಗಲಕ್ಷ್ಮಿ ಮತ್ತೆ ಹಾಜರ್! ಆಟ ಮುಗಿಯುವ ಲಕ್ಷಣವೇ ಇಲ್ಲ. ದಿನಾ ಬರಬರುತ್ತಾ ಖಾಲಿಯಾಗುತ್ತಿದ್ದ ರಿಂಗು ಇವತ್ತು ಸಂತೆಯ ಹಾಗೆ ತುಂಬಿಕೊಂಡೇ ಇತ್ತು. ಮುಂದೆ ನೋಡಿದರೆ ಹಿಂದಿನಿಂದ ಒಬ್ಬರು ಬರುವರು, ಹಿಂದೆ ನೋಡಿದರೆ ಪಕ್ಕದಿಂದ. ರಮ್ಯಳ ಬೆನ್ನಿನ ಮೇಲೆ ಬೆವರು ಹರಿಯಿತು.

ಅವಳು ಸುಷ್ಮಾಳ ಕಡೆ ತಿರುಗಿದ್ದೇ ತಡ, ಎಡಗಡೆಯಿಂದ ಒಂದು ಕಾಲು ಬಂತು. ರಮ್ಯಳ ಚೆಂಡು ಗೆರೆ ದಾಟಿತು. ಒದ್ದವಳು ನಾಗಲಕ್ಷ್ಮಿ.

"ನಮ್ಮ ರಮ್ಯ ಔಟು!" ಅಜ್ಜಿ ಕೂಗಿದಳು. ಸ್ವಂತ ಅಜ್ಜಿ! ಅದೂ ನಗುನಗುತ್ತಾ!

ರಮ್ಯ ಧುಮುಗುಡುತ್ತಾ ಹೋಗಿ ಹೊಂಗೆಮರದ ಕೆಳಗೆ ಕೂತಳು. ಅವಳು ಅಲ್ಲಿ ಕೂತದ್ದು ಇದೇ ಮೊದಲು. ಒಳಗೆ ಎಲ್ಲರೂ ಕಿರುಚಾಡುತ್ತಿದ್ದರು, ಅವಳ ಕಡೆ ಯಾರೂ ನೋಡಲಿಲ್ಲ. ಸುಮ್ಮನೆ ಕೂರಲಾಗದೆ ಹುಲ್ಲು ಕೀಳಲು ಕೈಹಾಕಿದಳು. ಹುಲ್ಲು ಸಿಗಲಿಲ್ಲ.

ಬಗ್ಗಿ ನೋಡಿದಳು. ಮರದ ಸುತ್ತಲೂ ಹುಲ್ಲಿತ್ತು. ಅವಳು ಕೂತ ಜಾಗದಲ್ಲಿ ಮಾತ್ರ ಅಂಗೈ ಅಗಲ ನೆಲ ಬೋಳಾಗಿತ್ತು. ಯಾರೋ ದಿನಾ ಇಲ್ಲೇ ಕೂತು ಒಂದೊಂದೇ ಎಸಳು ಕಿತ್ತಿದ್ದರು. ಯಾರೆಂದು ಕೇಳಬೇಕಾಗಿರಲಿಲ್ಲ. ದಿನಾ ಎಲ್ಲರಿಗಿಂತ ಮೊದಲು ಔಟಾಗುತ್ತಿದ್ದವಳು ನಾಗಲಕ್ಷ್ಮಿಯೇ.

ಅಷ್ಟರಲ್ಲಿ ಮೂರ್ತಿಯಣ್ಣ ಕಂಪನಿ ಬಸ್ಸಿಳಿದು ಬಂದ. "ಏನಮ್ಮಾ ಚಾಂಪಿಯನ್, ಇಲ್ಲಿ ಕೂತ್ಬುಟ್ಟಿದ್ದೀಯ?"

"ಅಜ್ಜಿ ಕಬಡ್ಡಿ ರೂಲ್ ಹಾಕವ್ಳೆ ಅಣ್ಣಾ. ಔಟಾದೋರೆಲ್ಲ ವಾಪಸ್ ಬತ್ತಾರೆ!"

ಮೂರ್ತಿಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. "ನಿನ್ ಮಾತೂ ಸರೀನೇ. ನಮ್ಮ ರೂಲ್ ಅದಲ್ಲ. ಆಟ ನಿಲ್ಸಿ ನಮ್ಮ ರೂಲಲ್ಲೇ ಮೊದಲಿಂದ ಆಡ್ಸ್ಲಾ? ಕ್ಯಾಪ್ ನಿಂಗೇ ಸಿಗ್ತದೆ ಬಿಡು."

ರಮ್ಯ ರಿಂಗಿನ ಕಡೆ ನೋಡಿದಳು. ನಾಗಲಕ್ಷ್ಮಿಯ ಜಡೆ ಬಿಚ್ಚಿಹೋಗಿತ್ತು, ಮೊಣಕಾಲು ಕೆಂಪು ಮಣ್ಣಾಗಿತ್ತು. ಬೀರೇಶನನ್ನು ಅಟ್ಟಿಸಿಕೊಂಡು ಹೋಗುತ್ತಾ ಕೇಕೆ ಹಾಕುತ್ತಿದ್ದಳು. ಅವಳಿಗೆ ಅಷ್ಟು ಜೋರು ದನಿ ಇದೆ ಎಂದು ರಮ್ಯಳಿಗೆ ಗೊತ್ತೇ ಇರಲಿಲ್ಲ.

"ಬ್ಯಾಡ ಅಣ್ಣಾ," ಎಂದಳು.

"ಮತ್ತೆ?"

ರಮ್ಯ ಚೆಂಡು ಎತ್ತಿಕೊಂಡು ಗೆರೆಯ ಹತ್ತಿರ ಓಡಿಹೋಗಿ ನಿಂತಳು.

"ಅಜ್ಜೀ, ಬೇಗ ಯಾರ್ನಾದ್ರೂ ಔಟ್ ಅನ್ನು! ನಾನು ಒಳಕ್ಕೆ ಬರ್ಬೇಕು!"