ಹೊಳೆಗೆ ಎಸೆದ ಅರಸ

ಊರವರ ಕಷ್ಟವನ್ನು ಬಸವೇಶ್ವರಿಯವರ ಬಾಗಿಲಿಗೆ ತಂದು ಮುಟ್ಟಿಸುವುದು ಬುದ್ಧಪ್ರಿಯನಿಗೆ ಅಭ್ಯಾಸವಾಗಿ ಹೋಗಿತ್ತು. ಆ ಶನಿವಾರ ಮಾತ್ರ ಅವನು ತನ್ನದೇ ಕಷ್ಟ ಹೊತ್ತು ಮೆಟ್ಟಿಲಿಳಿದ. ಅವನು ಗೋಗಿಯ ಶಾಲೆಯಲ್ಲಿ ಮಾಸ್ತರ. ಶಹಾಪುರದ ಆ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಕೆಳಗಿದ್ದ ಬಸವೇಶ್ವರಿ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಜೀವಮಾನವಿಡೀ ಸಾಕ್ಷಿಗಳ ಮಾತು ಕೇಳಿದ ಕಿವಿ ಅವರದು. ಕಳವು, ಮೋಸ, ಯಾರೂ ಬಿಡಿಸಲಾರದ ಗಂಟು ಇದ್ದರೆ ಸುರಪುರದಿಂದಲೂ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಪೊಲೀಸರೂ ಬರುತ್ತಿದ್ದರು, ಚಹಾ ಕುಡಿಯುವ ನೆಪದಲ್ಲಿ. ಅಂಥ ತನಿಖೆಗಳಲ್ಲೆಲ್ಲ ಬುದ್ಧಪ್ರಿಯ ಅವರ ಬೆನ್ನಿಗಿರುತ್ತಿದ್ದ.

"ಅಕ್ಕಾರ, ಸೋಮವಾರ ನಮ್ಮಣ್ಣನ ಮ್ಯಾಲ ಕೇಸ್ ಹಾಕ್ತಾರಂತ್ರಿ," ಎಂದ.

ಬಸವೇಶ್ವರಿ ಅವನನ್ನು ಕೂರಿಸಿ ನೀರು ಕೊಟ್ಟರು. ಆಮೇಲೆ ಒಂದೊಂದಾಗಿ ಎಲ್ಲವೂ ಹೊರಬಂತು.

ಬುದ್ಧಪ್ರಿಯನ ಅಣ್ಣ ಹುಲಗಪ್ಪ ಯಾದಗಿರಿಯಲ್ಲಿ ಅಯ್ಯಣ್ಣ ಸಾವಕಾರರ ತೊಗರಿಬೇಳೆ ಮಿಲ್ಲಿನ ಮೇಲ್ವಿಚಾರಕ. ಹಮಾಲನಾಗಿ ಸೇರಿದವನು ದುಡಿದು ಮೇಲೆ ಬಂದಿದ್ದ. 2006ರಲ್ಲಿ ಸಾವಕಾರರ ತಮ್ಮನ ಮಗ, ಎಂಟು ವರ್ಷದ ವಿಶ್ವರಾಧ್ಯ, ರೈಲು ನೋಡಬೇಕೆಂದು ಹಟ ಹಿಡಿದಾಗ ಅವನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದವನು ಹುಲಗಪ್ಪನೇ. ಗದ್ದಲದಲ್ಲಿ ಕೈ ತಪ್ಪಿದ ಹುಡುಗ ಮತ್ತೆ ಸಿಗಲಿಲ್ಲ. ಹುಡುಗನ ತಾಯಿ ಸೂಗಮ್ಮ ವಿಧವೆ. ಅಂದಿನಿಂದ ಆಕೆಗೆ ಬಾಗಿಲ ಸಪ್ಪಳವಾದರೆ ಸಾಕು, ಎದ್ದು ನಿಲ್ಲುವುದು ರೂಢಿಯಾಯಿತು. ಈಗ ಹದಿನೈದು ದಿನದ ಕೆಳಗೆ ಒಬ್ಬ ತರುಣ ಬಂದು, ನಾನೇ ನಿನ್ನ ವಿಶ್ವ ಎಂದಿದ್ದ. ಸೊಲ್ಲಾಪುರದ ಚಾದರದ ಕಾರ್ಖಾನೆಯಲ್ಲಿ ಬೆಳೆದೆ ಎಂದಿದ್ದ. ಹಣೆಯ ಮೇಲಿನ ಗಾಯದ ಗುರುತು ತೋರಿಸಿದ್ದ. ಮನೆಯ ಹಳೆಯ ಸಂಗತಿಗಳನ್ನೆಲ್ಲ ಹೇಳಿದ್ದ. ಕಡೆಗೆ, ಹುಲಗಪ್ಪನೇ ತನ್ನನ್ನು ಒಬ್ಬ ಅಪರಿಚಿತನ ಕೈಗೆ ಒಪ್ಪಿಸಿ ಹೋದ ಎಂದೂ ಹೇಳಿದ್ದ.

ರಕ್ತಪರೀಕ್ಷೆ ಮಾಡಿಸಲಿಲ್ಲವೇ ಎಂದು ಬಸವೇಶ್ವರಿ ಕೇಳಿದರು. ಸೂಗಮ್ಮ ಒಪ್ಪುತ್ತಿಲ್ಲ, ಕೇಸು ದಾಖಲಾದ ಮೇಲೆ ಪೊಲೀಸರು ಮಾಡಿಸಿದರೂ ಫಲಿತಾಂಶ ಬರಲು ಎಷ್ಟು ತಿಂಗಳೋ, ಅಷ್ಟರಲ್ಲಿ ಅಣ್ಣ ಒಳಗಿರುತ್ತಾನೆ, ಮಗುಗಳ್ಳ ಎಂಬ ಹೆಸರು ಅಳಿಸಲಾಗದಂತೆ ಅಂಟಿರುತ್ತದೆ ಎಂದ ಬುದ್ಧಪ್ರಿಯ. ಅವನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿದ್ದುದು ಬೇರೆ. ಅಣ್ಣ ಬಾಯಿ ಬಿಡುತ್ತಿರಲಿಲ್ಲ. ಮಾಡಿದ್ದೇನೆ ಎನ್ನಲಿಲ್ಲ, ಮಾಡಿಲ್ಲ ಎನ್ನಲೂ ಇಲ್ಲ. ತಪ್ಪಿಲ್ಲದವನು ಹೀಗೆ ಕಲ್ಲಿನಂತೆ ಕೂರುತ್ತಾನೆಯೇ ಎಂಬ ಪ್ರಶ್ನೆ ಬುದ್ಧಪ್ರಿಯನನ್ನು ಬಿಡುತ್ತಿರಲಿಲ್ಲ.

ಬಸವೇಶ್ವರಿ ಅಯ್ಯಣ್ಣನವರಿಗೆ ಫೋನು ಮಾಡಿದರು. ಸಾವಕಾರರು ನ್ಯಾಯವಂತ ಮನುಷ್ಯ. ಬಂದು ನೋಡಿರೆಂದು ಕಾರನ್ನೇ ಕಳಿಸಿದರು.

ಕಾರು ತಂದವನು ಚಾಂದಪಾಶಾ, ಆ ಮನೆಯ ಹಳೆಯ ಡ್ರೈವರ್. ಭೀಮಾ ಸೇತುವೆಯ ಮೇಲೆ ಬಂದಾಗ ಅವನಾಗಿಯೇ ಬಾಯಿ ತೆರೆದ. ಚಿಕ್ಕಂದಿನಲ್ಲಿ ವಿಶ್ವನನ್ನು ಕರೆದುಕೊಂಡು ಬರುವಾಗಲೆಲ್ಲ ಸಾವಕಾರರು ಇಲ್ಲಿ ಗಾಡಿ ನಿಲ್ಲಿಸುತ್ತಿದ್ದರಂತೆ. "ಇಂಥಾದೇ ಹೊಳಿಗಿ ಆ ಗೂನಬೆನ್ನಿನ ರಾಜನ ಎಲುಬು ಒಗದ್ರು ಅಂತ ಹೇಳ್ತಿದ್ರಿ. ಹುಡುಗ ಅಂಜಿ ನನ್ನ ತೋಳು ಹಿಡ್ಕೊಂಡು ನೀರಾಗ ಎಲುಬು ಹುಡಕ್ತಿತ್ತು." ಚಾಂದಪಾಶಾ ನಕ್ಕ. ಬುದ್ಧಪ್ರಿಯನಿಗೆ ಯಾವ ರಾಜನ ಕತೆಯೂ ಬೇಕಿರಲಿಲ್ಲ. ಅವನ ಕಣ್ಣೆದುರು ಸೋಮವಾರವೊಂದೇ ನಿಂತಿತ್ತು.

ಆದರೆ ಅಯ್ಯಣ್ಣನವರ ಮನೆಗೆ ಹೋಗಿ ರಾಜರಿಂದ ತಪ್ಪಿಸಿಕೊಂಡವರಿಲ್ಲ. ಐನೂರು ವರ್ಷದ ಹಿಂದೆ ಇಂಗ್ಲೆಂಡನ್ನಾಳಿದ ಟ್ಯೂಡರ್ ವಂಶವೆಂದರೆ ಅವರಿಗೆ ಪ್ರಾಣ. ತಂದೆ ತೀರಿಕೊಂಡು ಕಲಬುರಗಿಯ ಕಾಲೇಜು ಅರ್ಧಕ್ಕೆ ಬಿಟ್ಟಾಗ ಪುಸ್ತಕಗಳೆಲ್ಲ ಹೋದವು, ಆ ಹುಚ್ಚೊಂದು ಉಳಿಯಿತು. ಹೊರಕೋಣೆಯ ಗೋಡೆ ತುಂಬ ಆ ವಂಶದ ಅರಸರು, ಆರು ಹೆಂಡಿರ ಎಂಟನೆಯ ಹೆನ್ರಿ, ಮದುವೆಯೇ ಆಗದ ಎಲಿಜಬೆತ್ ರಾಣಿ. ಸಾವಕಾರರು ಹೆನ್ರಿಯ ಹೆಂಡಿರ ಹೆಸರು ಸಾಲಾಗಿ ಹೇಳುತ್ತಾರೆ, ಸ್ವಂತ ಬೀಗರ ಹೆಸರು ಮರೆಯುತ್ತಾರೆ ಎಂದು ಮಿಲ್ಲಿನ ಜನ ಆಡಿಕೊಳ್ಳುತ್ತಿದ್ದರು.

ಅಷ್ಟು ಅರಸರ ನಡುವೆ ಕಾರು ನಿಲ್ಲಿಸುವ ಬಯಲೊಂದರ ಚಿತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಇದೇನೆಂದು ಬಸವೇಶ್ವರಿ ಕೇಳಿದ್ದೇ ತಡ, ಅಯ್ಯಣ್ಣನವರ ಮುಖ ಅರಳಿತು. ಮೊದಲ ಟ್ಯೂಡರ್ ಅರಸ ಏಳನೆಯ ಹೆನ್ರಿ ಯುದ್ಧದಲ್ಲಿ ರಿಚರ್ಡ್ ಎಂಬ ಗೂನಬೆನ್ನಿನ ಅರಸನನ್ನು ಕೊಂದು ಪಟ್ಟಕ್ಕೆ ಬಂದ. ಆ ರಿಚರ್ಡನ ಎಲುಬು ಇಲ್ಲಿ, ಈ ಬಯಲಿನ ಅಡಿಯಲ್ಲಿ, 2012ರಲ್ಲಿ ಅಗೆದಾಗ ಸಿಕ್ಕವು ಎಂದರು. ಆ ಸುದ್ದಿ ಬಂದ ದಿನ ಮಿಲ್ಲಿಗೆಲ್ಲ ಪೇಡೆ ಹಂಚಿದ್ದರಂತೆ.

ಅಷ್ಟರಲ್ಲಿ ಆ ತರುಣ ಬಂದ. ತೆಳ್ಳಗಿನ ಹುಡುಗ, ನೆಲ ನೋಡಿ ಮಾತಾಡುವವನು. ಸೂಗಮ್ಮ ಅವನ ಹಿಂದೆಯೇ ಬಂದು ನಿಂತಳು, ಯಾರೋ ಕಸಿದುಕೊಳ್ಳುತ್ತಾರೆಂಬ ಹಾಗೆ. ಅವನ ಊಟ, ನಿದ್ದೆ, ಸೊಲ್ಲಾಪುರದ ಕೆಲಸ ಎಲ್ಲ ವಿಚಾರಿಸಿದ ಬಸವೇಶ್ವರಿ, ಚಿಕ್ಕಂದಿನಲ್ಲಿ ದೊಡ್ಡಪ್ಪ ಏನು ಕತೆ ಹೇಳುತ್ತಿದ್ದರು ಎಂದು ಮೆಲ್ಲಗೆ ಕೇಳಿದರು.

"ಗೂನ ರಾಜಂದು ನೆನಪದರಿ," ಎಂದ. "ಲಡಾಯ್ಯಾಗ ಸತ್ತ. ಅವನ ಕಿರೀಟ ಮುಳ್ಳಕಂಟ್ಯಾಗ ಸಿಕ್ತು, ಹೆನ್ರಿ ತಲಿಮ್ಯಾಲ ಇಟ್ಕೊಂಡ. ಸತ್ತವನ್ನ ಒಂದು ಮಠದಾಗ ಗಡಿಬಿಡಿಲೆ ಮಣ್ಣು ಮಾಡಿದ್ರು. ತೋಡಿದ ಕುಣಿ ಗಿಡ್ಡ ಆಗಿತ್ತು, ತಲಿ ನೆಟ್ಟಗ ಇಡಾಕೂ ಜಾಗ ಸಾಲಲಿಲ್ಲ."

ಅಯ್ಯಣ್ಣನವರು ಕಣ್ಣೊರೆಸಿಕೊಂಡರು. ಎಲ್ಲ ಬರೋಬ್ಬರಿ ಹೇಳಿದ ಎಂದು ಹೆಮ್ಮೆಯಿಂದ ನುಡಿದರು. ಬುದ್ಧಪ್ರಿಯ ತರುಣನ ಹಣೆಯ ಗುರುತನ್ನೇ ನೋಡಿದ. ಇವನು ಖರೇ ವಿಶ್ವನಾದರೆ, ಅಣ್ಣನ ಮೇಲೆ ಹೇಳಿದ್ದೂ ಖರೇ ಆಗಬೇಕಲ್ಲ?

ಸೂಗಮ್ಮನ ಮಗಳು ಕಸ್ತೂರಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ವಿಶ್ವನಿಗಿಂತ ಆರು ವರ್ಷ ದೊಡ್ಡವಳು. ತಮ್ಮ ಬಂದದ್ದಕ್ಕೆ ಖುಷಿಯೇ ಎಂದರೆ ಹೂಂ ಎಂದಳು, ಆದರೆ ಅವನನ್ನು ಮುಟ್ಟಿ ಮಾತಾಡಿಸಲು ಯಾಕೋ ಕೈ ಬರುವುದಿಲ್ಲ ಎಂದೂ ಸೇರಿಸಿದಳು. ದೊಡ್ಡಪ್ಪನ ಕತೆಗಳ ಮಾತೆತ್ತಿದರೆ ನಕ್ಕಳು. ಹೊಳೆಯಲ್ಲಿ ತೇಲಿಹೋದ ರಾಜ, ತಲೆ ಕತ್ತರಿಸಿಕೊಂಡ ರಾಣಿ, ಸಾಕಪ್ಪ ಸಾಕು ಎಂದು ದೊಡ್ಡವಳಾಗುತ್ತಲೇ ಕೇಳುವುದನ್ನು ಬಿಟ್ಟಿದ್ದಳಂತೆ. ಈಗ ದೊಡ್ಡಪ್ಪನಿಗೆ ರವಿವಾರಕ್ಕೊಮ್ಮೆ ಸಿಗುವ ಕೇಳುಗ ತನ್ನ ಗಂಡನೊಬ್ಬನೇ ಎಂದಳು.

ಆ ಗಂಡ, ಮಲ್ಲು, ಐದು ವರ್ಷದ ಹಿಂದೆ ಮನೆಯಳಿಯನಾಗಿ ಬಂದವನು. ಮಿಲ್ಲಿನ ಲೆಕ್ಕಪತ್ರ ನೋಡುತ್ತಿದ್ದ. ಸೋಮವಾರ ಠಾಣೆಗೆ ಹೋಗಲು ಎಲ್ಲರಿಗಿಂತ ಹೆಚ್ಚು ಅವಸರ ಅವನಿಗಿತ್ತು; ವಕೀಲರನ್ನೂ ಅವನೇ ಗೊತ್ತು ಮಾಡಿದ್ದ. ಮನೆತನದ ಮರ್ಯಾದೆಯ ಪ್ರಶ್ನೆ ಎಂದ. ಹೋಗುವಾಗ ಬಸವೇಶ್ವರಿ ಒಂದು ಮಾತು ಸುಮ್ಮನೆ ಎಸೆದರು, ನಿಮಗೂ ಈ ರಾಜರ ಹುಚ್ಚು ಹಿಡಿದಿದೆಯೇ ಎಂದು. ತಾನು ಆ ಕೋಣೆಗೆ ಕಾಲೇ ಇಡುವುದಿಲ್ಲ, ಒಬ್ಬ ಹೆನ್ರಿಗೂ ಇನ್ನೊಬ್ಬ ಹೆನ್ರಿಗೂ ಫರಕು ಗೊತ್ತಿಲ್ಲ ಎಂದ ಮಲ್ಲು.

ಮಿಲ್ಲಿನ ಹಿಂದಿನ ಚಪ್ಪರದಲ್ಲಿ ಹುಲಗಪ್ಪ ಕೂತಿದ್ದ. ತಮ್ಮ ಎಷ್ಟು ಕೇಳಿದರೂ ಅವನದು ಒಂದೇ ಮಾತು. "ನಾ ಏನೂ ಹೇಳಂಗಿಲ್ಲೋ ತಮ್ಮಾ. ನೀ ಮನಿಗಿ ಹೋಗು."

ಬಸವೇಶ್ವರಿ ಅವನನ್ನು ಏನೂ ಕೇಳಲಿಲ್ಲ. ಸಾವಕಾರರು ದೀಪಾವಳಿಗೆ ನಿನ್ನನ್ನು ಮಿಲ್ಲಿನ ಪಾಲುದಾರ ಮಾಡುವವರಿದ್ದರಂತೆ, ಹೌದೇ ಎಂದಷ್ಟೇ ವಿಚಾರಿಸಿದರು. ಅವನು ಹೌದೆಂದು ತಲೆಯಾಡಿಸಿದ. ಆ ಇಡೀ ರಾತ್ರಿ ಬುದ್ಧಪ್ರಿಯನಿಗೆ ನಿದ್ದೆ ಹತ್ತಲಿಲ್ಲ.

ರವಿವಾರ ಬಸವೇಶ್ವರಿ ಎಲ್ಲರನ್ನೂ ಟ್ಯೂಡರ್ ಕೋಣೆಗೆ ಕರೆಸಿದರು. ಸೂಗಮ್ಮ ತರುಣನ ಪಕ್ಕ ಕೂತಳು. ಹುಲಗಪ್ಪ ಬಾಗಿಲ ಬಳಿ ನೆಲದ ಮೇಲೆ. ಬುದ್ಧಪ್ರಿಯ ಬಸವೇಶ್ವರಿಯವರ ಬೆನ್ನಿಗೆ ನಿಂತ.

"ಕೋರ್ಟಿನ್ಯಾಗ ನಾ ಒಂದು ಕಲ್ತೀನಿ," ಎಂದು ಅವರು ಶುರು ಮಾಡಿದರು. "ಸಾಕ್ಷಿಗಿ ಯಾರರ ಹೇಳಿಕೊಟ್ಟಿದ್ರ, ಹೇಳಿಕೊಟ್ಟವನ ತಪ್ಪು ಸಾಕ್ಷಿ ಬಾಯಾಗ ಬರ್ತದ."

ಆಮೇಲೆ ಚಾಂದಪಾಶಾನ ಕಡೆ ತಿರುಗಿ, ಆ ಗೂನಬೆನ್ನಿನ ಅರಸ ಸತ್ತ ಮೇಲೆ ಏನಾದ ಎಂದು ಕೇಳಿದರು. ಅವನು ಹೊಳೆಗೆ ಎಸೆದರು ಎಂದ. ಕಸ್ತೂರಿಯನ್ನು ಕೇಳಿದರು. ಅವಳೂ ಹೊಳೆ ಎಂದಳು. ಅಯ್ಯಣ್ಣನವರು ಕುರ್ಚಿಯಲ್ಲಿ ಚಡಪಡಿಸಿದರು. ತಪ್ಪು ಇತಿಹಾಸ ಕೇಳಿದರೆ ಅವರಿಗೆ ಇರುವೆ ಕಚ್ಚಿದಂತಾಗುತ್ತಿತ್ತು. ಅದೆಲ್ಲ ಹಳೆಯ ಕಟ್ಟುಕತೆ, ಮಠದಲ್ಲಿ ಹೂತಿದ್ದರು, ಕುಣಿ ಗಿಡ್ಡವಾಗಿತ್ತು ಎಂದರು.

"ಕುಣಿ ಗಿಡ್ಡ ಇತ್ತು ಅಂತ ಜಗತ್ತಿಗಿ ಯಾವಾಗ ಗೊತ್ತಾತ್ರಿ, ಸಾವಕಾರ್ರ?"

"ಅಗದಾಗ. ಎರಡು ಸಾವಿರದ ಹನ್ನೆರಡನೇ ಇಸ್ವ್ಯಾಗ..." ಎಂದವರು ಅಲ್ಲಿಗೇ ನಿಂತರು.

ಬಸವೇಶ್ವರಿ ಅವಸರವಿಲ್ಲದೆ ಗಂಟು ಬಿಚ್ಚಿದರು. 2006ರಲ್ಲಿ ಕಳೆದುಹೋದ ಮಗು ಕೇಳಿದ್ದು ಹೊಳೆಯ ಕತೆ. ಸೇತುವೆಯ ಮೇಲೆ ನಿಂತು ಅಂಜಿ, ನೀರಲ್ಲಿ ಎಲುಬು ಹುಡುಕಿದ ಮಗು ಅದನ್ನು ಮರೆಯುವುದುಂಟೇ? ಎಲುಬು ಸಿಕ್ಕ ಮೇಲೆ ಸಾವಕಾರರು ಕತೆಯನ್ನು ತಿದ್ದಿಕೊಂಡರು. ತಿದ್ದಿಕೊಂಡವರಿಗೆ ತಮ್ಮ ಹಳೆಯ ತಪ್ಪು ನೆನಪಿರುವುದಿಲ್ಲ, ಅದಕ್ಕೇ ಈ ಹುಡುಗನ ಮಾತು ಅವರಿಗೆ ಸರಿಯೆನಿಸಿತು. ಹೇಳಿಕೊಟ್ಟವನು ಜಾಣ, ಕಾರು ನಿಲ್ಲಿಸುವ ಬಯಲನ್ನು ಕತೆಯಿಂದ ತೆಗೆದುಹಾಕಿದ್ದ. ಕುಣಿಯ ಅಳತೆಯೂ ಅದೇ ಅಗೆತದಲ್ಲಿ ಸಿಕ್ಕದ್ದೆಂದು ಅವನಿಗೆ ತಿಳಿಯಲಿಲ್ಲ. ಹಾಗಾದರೆ ಅವನು ಹೊಳೆಯ ಕತೆಯನ್ನು ಕೇಳದವನು, ಹೊಸ ಕತೆಯನ್ನಷ್ಟೇ ಕೇಳಿದವನು. ಚಾಂದಪಾಶಾ ಹೊಳೆ ಎಂದ, ಕಸ್ತೂರಿ ಹೊಳೆ ಎಂದಳು. ಹುಲಗಪ್ಪ ತನ್ನ ಕುತ್ತಿಗೆಗೆ ತಾನೇ ಹಗ್ಗ ಹೆಣೆಯುವುದಿಲ್ಲ. ಸೂಗಮ್ಮ ಈ ಕೋಣೆಗೆ ಬರುವವಳೇ ಅಲ್ಲ.

"ನಾನೂ ಈ ಕೋಣಿಗಿ ಬರಂಗಿಲ್ಲ ಅಂತ ನಿನ್ನೇನ ಹೇಳೀನಿ," ಎಂದ ಮಲ್ಲು. ಅವನ ಹೆಸರನ್ನು ಅಲ್ಲಿಯ ತನಕ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಕಸ್ತೂರಿ ಗಂಡನ ಮುಖವನ್ನೇ ನೋಡುತ್ತಿದ್ದಳು. "ರವಿವಾರಕ್ಕೊಮ್ಮಿ ಇಲ್ಲೇ ಕುಂದ್ರತೀರಲ್ರಿ," ಎಂದಳು. ದನಿ ಏರಿಸಲಿಲ್ಲ. "ಚಹಾ ತಂದು ಕೊಡಾಕಿ ನಾನ."

ಮಲ್ಲು ಬಾಗಿಲ ಕಡೆ ನೋಡಿದ. ಬಾಯಿ ಬಿಟ್ಟವನು ಆ ತರುಣ. ಅವನ ಹೆಸರು ಲಕ್ಷ್ಮಿಕಾಂತ, ಊರು ಸೈದಾಪುರ, ಹೆತ್ತವರಿಲ್ಲ. ಕಡೇಚೂರಿನ ಕಾರ್ಖಾನೆಯೊಂದರಲ್ಲಿ ದಿನಗೂಲಿಗೆ ಹೋಗುತ್ತಿದ್ದ. ಹಣೆಯ ಗುರುತು ನೋಡಿ ಮಲ್ಲು ಅವನನ್ನು ಹಿಡಿದಿದ್ದ, ಕಾಯಂ ಕೆಲಸ ಕೊಡಿಸುವ ಆಸೆ ತೋರಿಸಿದ್ದ. ಮನೆಯ ಹಳೆಯ ಸಂಗತಿಗಳನ್ನು ಹೆಂಡತಿ, ಅತ್ತೆಯರ ಬಾಯಿಂದ ಕೇಳಿ ಕೇಳಿ ಇವನಿಗೆ ಬಾಯಿಪಾಠ ಮಾಡಿಸಿದ್ದ. ಹುಲಗಪ್ಪ ಒಳಗೆ ಹೋದ ಕೂಡಲೇ ಇವನು ರಾತ್ರೋರಾತ್ರಿ ಮಾಯವಾಗಬೇಕು, ರಕ್ತಪರೀಕ್ಷೆಯ ಮಾತೇ ಉಳಿಯಬಾರದು ಎಂಬುದು ಹೂಟ. ಹಮಾಲನೊಬ್ಬ ತನ್ನ ಸಮಕ್ಕೆ ಪಾಲುದಾರನಾಗಿ ಕೂರುವುದನ್ನು ಮಲ್ಲು ಸಹಿಸದಾಗಿದ್ದ.

"ಹೋಗಿಬಿಡ್ಬೇಕಂತ ಎರಡು ಸಲ ಗಂಟು ಕಟ್ಟೀನ್ರಿ," ಎಂದ ಲಕ್ಷ್ಮಿಕಾಂತ. "ಅವ್ವಾರು ಊಟಕ್ಕ ಕರೀತಿದ್ರು."

ಸೂಗಮ್ಮ ಅವನ ಪಕ್ಕದಿಂದ ಏಳಲಿಲ್ಲ, ಅವನನ್ನು ನೋಡಲೂ ಇಲ್ಲ. ಮಡಿಲಲ್ಲಿ ಎರಡೂ ಕೈ ಬಿಗಿ ಹಿಡಿದು ಕೂತಿದ್ದಳು.

ಅಯ್ಯಣ್ಣನವರು ಮೊದಲ ಟ್ಯೂಡರ್ ಅರಸನ ಚಿತ್ರದ ಕಡೆ ನೋಡಿ ಹೇಳಿದರು. ಏಳನೆಯ ಹೆನ್ರಿಯ ಎದುರಿಗೂ ಹೀಗೇ ಒಬ್ಬ ಹುಡುಗ ಬಂದಿದ್ದನಂತೆ, ಹಿಂದಿನ ಅರಸನ ಅಣ್ಣನ ಮಗ ತಾನು ಎಂದು. ಕಲಿಸಿಕೊಟ್ಟವನು ಒಬ್ಬ ಪಾದ್ರಿ. ಸಿಕ್ಕಿಬಿದ್ದಾಗ ಹೆನ್ರಿ ಪಾದ್ರಿಯನ್ನು ಸಾಯುವ ತನಕ ಒಳಗಿಟ್ಟ, ಹುಡುಗನಿಗೆ ಅರಮನೆಯ ಅಡುಗೆಮನೆಯಲ್ಲಿ ಕೆಲಸ ಕೊಟ್ಟ. "ಭಾಳ ಜುಗ್ಗ ಮನಷ್ಯಾ ಆ ಹೆನ್ರಿ. ಆದ್ರ ಅದೊಂದು ಛಲೋ ಮಾಡ್ದ," ಎಂದರು. ಪೊಲೀಸರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದರೆ ಮಿಲ್ಲಿನಲ್ಲಿ ಕೆಲಸವಿದೆ ಎಂದು ಲಕ್ಷ್ಮಿಕಾಂತನಿಗೆ ತಿಳಿಸಿದರು. ಮಲ್ಲುವಿನ ಕಡೆ ತಿರುಗಲಿಲ್ಲ. ಚಾಂದಪಾಶಾನಿಗೆ ಠಾಣೆಗೆ ಫೋನು ಮಾಡು ಎಂದರು.

ಬುದ್ಧಪ್ರಿಯನ ಎದೆಯ ಮೇಲಿನ ಚಪ್ಪಡಿ ಇಳಿದಿತ್ತು. ಓಡಿಹೋಗಿ ಅಣ್ಣನ ಭುಜ ಹಿಡಿದ. ಉಳಿದೆವು ಅಣ್ಣಾ ಎನ್ನಬೇಕೆಂದವನು ಅವನ ಮುಖ ಕಂಡು ಪಕ್ಕದಲ್ಲೇ ಕುಳಿತ. ಹುಲಗಪ್ಪನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಯೂ ಅವನಿಗಿರಲಿಲ್ಲ. ಅವನು ಬಸವೇಶ್ವರಿಯವರನ್ನು ಕೇಳಿದ.

"ಹಂಗಾದ್ರ ನಮ್ಮ ವಿಶ್ವ ಇನ್ನೂ ಸಿಕ್ಕಿಲ್ಲೇನ್ರಿ?"

ಇಲ್ಲ ಎಂದು ಬಸವೇಶ್ವರಿ ತಲೆಯಾಡಿಸಿದರು.

"ನಾ ಒಪ್ಪಿಸಿಲ್ಲ ಅಂದ್ರ ಇವ ಸುಳ್ಳ ಆಗ್ತಿದ್ದ, ಅವ್ವಾರ ಮಗ ಮತ್ತ ಕಳೀತಿದ್ದ," ಎಂದ ಹುಲಗಪ್ಪ. "ಕೂಸು ಮನಿ ಮುಟ್ಟಿದ್ರ ಸಾಕಿತ್ರಿ. ನಾ ಒಳಗ ಹೋಗಾಕ ತಯಾರಿದ್ದೆ."

ಆಗ ಸೂಗಮ್ಮ ಎದ್ದಳು. ಸಾವಕಾರರ ಮನೆಯ ಸೊಸೆ ಆ ಕೋಣೆಯನ್ನು ದಾಟಿ ಬಾಗಿಲ ತನಕ ಬಂದು, ಹುಲಗಪ್ಪನೆದುರು ನೆಲದ ಮೇಲೆ ಕೂತಳು. ಮಗನನ್ನು ಕಳೆದುಕೊಂಡವಳು ತಾನೊಬ್ಬಳೇ ಎಂದು ಇಷ್ಟು ವರ್ಷ ತಿಳಿದಿದ್ದವಳು ಸೆರಗಿನಿಂದ ಅವನ ಮುಖ ಒರೆಸಿದಳು.